ಐದನೇ ದಿನ ಬಂದ ಫ್ಲೂ ರೋಗಿ: ಒಂದು ಪ್ರಕರಣ ಅಧ್ಯಯನ

ಇದು ಮಲೆನಾಡಿನ ಒಂದು ಆಸ್ಪತ್ರೆಯಲ್ಲಿ ಮಳೆಗಾಲದಲ್ಲಿ ದಾಖಲಾದ ರೋಗಿಯ ಕಥೆ. ಗುರುತು ಸಿಗಬಾರದು ಅಂತ ಊರು, ವಯಸ್ಸು, ಮನೆಯವರ ವಿವರಗಳನ್ನು ಸ್ವಲ್ಪ ಬದಲಿಸಿದ್ದೇನೆ. ಚಿಕಿತ್ಸೆಯ ಮಟ್ಟಿಗೆ ಮುಖ್ಯವಾದ ಸಂಗತಿಗಳನ್ನು ಹಾಗೇ ಇಟ್ಟಿದ್ದೇನೆ. ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ರಾತ್ರಿ ಡ್ಯೂಟಿ ಮಾಡುವ ಕಿರಿಯ ವೈದ್ಯರನ್ನು, ಸಿಸ್ಟರ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಮನೆಯಲ್ಲಿ ವಯಸ್ಸಾದವರು, ಸಕ್ಕರೆ ಕಾಯಿಲೆಯವರು ಇರುವ ಯಾರಿಗಾದರೂ ಇದು ಉಪಯೋಗಕ್ಕೆ ಬರಬಹುದು.

ರೋಗಿ ಮತ್ತು ಮನೆ

ರೋಗಿಗೆ 58 ವರ್ಷ. ಅಡಿಕೆ ತೋಟ, ಸ್ವಲ್ಪ ಗದ್ದೆ. ಹತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಸಕ್ಕರೆ ಕಾಯಿಲೆ. ಅದರ ಜೊತೆಗೇ ಕಿಡ್ನಿ ನಿಧಾನವಾಗಿ ಸೋಲುತ್ತಿತ್ತು. ಹಿಂದಿನ ವರ್ಷದ ಕ್ರಿಯಾಟಿನಿನ್ (ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಅಂಶ) 1.5 ಇತ್ತು. ಫ್ಲೂ ಲಸಿಕೆ ಹಾಕಿಸಿಕೊಂಡಿರಲಿಲ್ಲ. ಹಾಗೊಂದು ಲಸಿಕೆ ಇದೆ ಅಂತಲೇ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮನೆಯಲ್ಲಿ ಹೆಂಡತಿ, ಮಗ, ಏಳು ತಿಂಗಳ ಗರ್ಭಿಣಿ ಸೊಸೆ, ಶಾಲೆಗೆ ಹೋಗುವ ಮೊಮ್ಮಗ ಇದ್ದರು.

ಮೊದಲ ದಿನ ಚಳಿ ಜ್ವರ, ಮೈಕೈ ನೋವು, ಒಣ ಕೆಮ್ಮು. ಎರಡನೇ ದಿನ ಹತ್ತಿರದ ಕ್ಲಿನಿಕ್‌ನಲ್ಲಿ ಪ್ಯಾರಾಸಿಟಮಾಲ್, ಅಜಿತ್ರೋಮೈಸಿನ್ ಕೊಟ್ಟರು. ನಾಲ್ಕನೇ ದಿನ ಜ್ವರ ಸ್ವಲ್ಪ ಇಳಿದ ಹಾಗೆ ಕಂಡಿತು. ಐದನೇ ದಿನ ಸಂಜೆ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು ಬಂತು. ರಾತ್ರಿ ಕ್ಯಾಶುವಾಲ್ಟಿಗೆ ಕರೆತಂದರು.

ಗಾಳಿಯಲ್ಲಿ ಉಸಿರಾಡುತ್ತಿದ್ದಾಗ ಆಕ್ಸಿಜನ್ ಮಟ್ಟ ಶೇ 86. ಉಸಿರು ನಿಮಿಷಕ್ಕೆ 34. ಬಿಪಿ 100/60. ಸಕ್ಕರೆ 340. ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶಗಳ ಕೆಳಭಾಗ ಬಿಳಿಯಾಗಿತ್ತು. ಬಿಳಿ ರಕ್ತಕಣ 5,200, ಪ್ಲೇಟ್‌ಲೆಟ್ 1.1 ಲಕ್ಷ, ಕ್ರಿಯಾಟಿನಿನ್ 2.1.

ಮೊದಲ ತೊಡಕು: ಇಲಿ ಜ್ವರವೋ, ಫ್ಲೂವೋ?

ಮಲೆನಾಡಿನ ಮಳೆಗಾಲದಲ್ಲಿ ಈ ಚಿತ್ರ ನೋಡಿದವರಿಗೆ ಮೊದಲು ನೆನಪಾಗುವುದು ಇಲಿ ಜ್ವರ. ಗದ್ದೆಯ ಕೆಸರಿನಲ್ಲಿ ಕೆಲಸ ಮಾಡಿದ ಮನುಷ್ಯ. ಜ್ವರ, ಕಿಡ್ನಿ ತೊಂದರೆ, ಪ್ಲೇಟ್‌ಲೆಟ್ ಇಳಿಕೆ, ಎರಡೂ ಕಡೆ ಶ್ವಾಸಕೋಶದ ತೊಂದರೆ ಎಲ್ಲವೂ ಅದಕ್ಕೆ ಹೊಂದುತ್ತವೆ. ಡ್ಯೂಟಿ ಡಾಕ್ಟರ್ ಹಾಗೇ ಬರೆದಿದ್ದರು. ಪಕ್ಕದಲ್ಲಿ ಡೆಂಗಿ, ಸ್ಕ್ರಬ್ ಟೈಫಸ್ ಅಂತಲೂ ಬರೆದಿದ್ದರು. ಆ ಯೋಚನೆ ತಪ್ಪಲ್ಲ. ಆದರೆ ಆ ಪಟ್ಟಿಯಲ್ಲಿ ಫ್ಲೂ ಇರಲಿಲ್ಲ.

ಅದನ್ನು ಪಟ್ಟಿಗೆ ತಂದವರು ರಾತ್ರಿ ಪಾಳಿಯ ಸಿಸ್ಟರ್. ಆಕ್ಸಿಜನ್ ಮಾಸ್ಕ್ ಹಾಕುತ್ತಾ ಸುಮ್ನೆ ಮಾತಿಗೆ ಅಂತ ಕೇಳಿದ್ದರು: ‘ಮನೇಲಿ ಬೇರೆ ಯಾರಿಗಾದ್ರೂ ಜ್ವರ ಬಂದಿತ್ತಾ ಅಮ್ಮ?’

‘ಮೊಮ್ಮಗನಿಗೆ ಹೋದ ವಾರ ಬಂದಿತ್ತು. ಅವನ ಕ್ಲಾಸಲ್ಲಿ ಅರ್ಧ ಮಕ್ಕಳು ಬಂದಿರ್ಲಿಲ್ಲವಂತೆ’ ಅಂದರು ರೋಗಿಯ ಹೆಂಡತಿ.

ಇಲಿ ಜ್ವರ ಹೀಗೆ ಒಂದು ತರಗತಿಯಲ್ಲಿ ಮಗುವಿನಿಂದ ಮಗುವಿಗೆ ಹರಡುವುದಿಲ್ಲ. ಫ್ಲೂ ಹರಡುತ್ತದೆ. ದಕ್ಷಿಣ ಭಾರತದಲ್ಲಿ ಫ್ಲೂ ಜಾಸ್ತಿ ಕಾಣಿಸಿಕೊಳ್ಳುವುದೂ ಮಳೆಗಾಲದಲ್ಲೇ. ಚಳಿಗಾಲದ ಕಾಯಿಲೆ ಅನ್ನುವ ನಂಬಿಕೆ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಜನವರಿಯಿಂದ ಮಾರ್ಚ್‌ವರೆಗೂ ಒಂದು ಏರಿಕೆ ಇರುತ್ತದೆ ನಿಜ. 2023ರ ಮಾರ್ಚ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಎಚ್3ಎನ್2 ಎಂಬ ಬಗೆಯ ಫ್ಲೂನಿಂದ ಸಾವು ವರದಿಯಾದಾಗ ಎಲ್ಲರ ಗಮನ ಆ ಕಡೆ ಹೋಗಿತ್ತು. ಆದರೆ ಜುಲೈನಿಂದ ಸೆಪ್ಟೆಂಬರ್‌ವರೆಗಿನ ನ್ಯುಮೋನಿಯಾದಲ್ಲಿ ಫ್ಲೂ ಬಗ್ಗೆ ಯೋಚಿಸದೆ ಇರುವುದು ನಮ್ಮ ಕಡೆ ಅಪಾಯ.

ಎರಡನೇ ತೊಡಕು: 48 ಗಂಟೆ ಕಳೆದಿದೆ, ಟೆಸ್ಟ್ ನೆಗೆಟಿವ್

ಮೂಗಿನ ಸ್ವಾಬ್ ತೆಗೆದು ರ‍್ಯಾಪಿಡ್ ಟೆಸ್ಟ್ ಮಾಡಿದರು. ನೆಗೆಟಿವ್. ಡ್ಯೂಟಿ ಡಾಕ್ಟರ್ ಫೋನಿನಲ್ಲಿ ಕೇಳಿದ ಪ್ರಶ್ನೆ ನೇರವಾಗಿತ್ತು. ‘ಸಾರ್, ಟೆಸ್ಟ್ ನೆಗೆಟಿವ್ ಇದೆ. ಜ್ವರ ಶುರುವಾಗಿ ಐದು ದಿನ ಆಯ್ತು. 48 ಗಂಟೆ ಒಳಗೆ ಕೊಟ್ರೆ ಮಾತ್ರ ಒಸೆಲ್ಟಾಮಿವಿರ್ ಕೆಲಸ ಮಾಡೋದು ಅಲ್ವಾ? ಪಿಸಿಆರ್ ಬರೋವರೆಗೂ ಕಾಯೋಣ್ವಾ?’

ಒಸೆಲ್ಟಾಮಿವಿರ್ ಅಂದರೆ ಫ್ಲೂ ವೈರಸ್ ವಿರುದ್ಧ ಕೊಡುವ ಮಾತ್ರೆ. ಪಿಸಿಆರ್ ಅಂದರೆ ಲ್ಯಾಬ್‌ನಲ್ಲಿ ವೈರಸ್ ಹುಡುಕುವ, ರ‍್ಯಾಪಿಡ್‌ಗಿಂತ ನಿಖರವಾದ ಟೆಸ್ಟ್. ಇಡೀ ಪ್ರಕರಣದಲ್ಲಿ ಅತಿ ಮುಖ್ಯವಾದ ಪ್ರಶ್ನೆ ಇದೇ. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಫ್ಲೂ ವೈರಸ್ ನಮ್ಮ ಜೀವಕೋಶದೊಳಗೆ ಮರಿ ಹಾಕುತ್ತದೆ. ಹೊಸ ವೈರಸ್‌ಗಳು ಜೀವಕೋಶದ ಮೇಲ್ಮೈಗೆ ಅಂಟಿಕೊಂಡಿರುತ್ತವೆ. ಆ ಅಂಟನ್ನು ಕತ್ತರಿಸಿ ಬಿಡಿಸಿಕೊಳ್ಳಲು ಅವುಗಳಿಗೆ ನ್ಯೂರಮಿನಿಡೇಸ್ ಎಂಬ ಕಿಣ್ವ ಬೇಕು. ಒಸೆಲ್ಟಾಮಿವಿರ್ ಆ ಕಿಣ್ವವನ್ನು ತಡೆಯುತ್ತದೆ. ವೈರಸ್ ಪಕ್ಕದ ಜೀವಕೋಶಕ್ಕೆ ಹೋಗುವುದು ಕಷ್ಟವಾಗುತ್ತದೆ. ಅಂದರೆ ಈ ಔಷಧ ಆಗಿಹೋದ ಹಾನಿಯನ್ನು ಸರಿಪಡಿಸುವುದಿಲ್ಲ, ಮುಂದಿನ ಹರಡುವಿಕೆಯನ್ನು ತಡೆಯುತ್ತದೆ. ಹಾಗಾಗಿ ಬೇಗ ಕೊಟ್ಟಷ್ಟೂ ಒಳ್ಳೆಯದು. ಇದರಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇಲ್ಲ.

48 ಗಂಟೆಯ ಮಾತು ಬಂದದ್ದು ಬೇರೆ ಕಡೆಯಿಂದ. ಔಷಧದ ಮೊದಲ ಪ್ರಯೋಗಗಳು ನಡೆದದ್ದು ಆಸ್ಪತ್ರೆಗೆ ಸೇರುವಷ್ಟು ಕಾಯಿಲೆ ಇಲ್ಲದವರ ಮೇಲೆ, ಜ್ವರ ಶುರುವಾದ ಎರಡು ದಿನದೊಳಗೆ. ಅಂಥವರಲ್ಲಿ ಲಾಭ ಚಿಕ್ಕದು. ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ 2014ರ ಕಾಕ್ರೇನ್ ವಿಮರ್ಶೆಯ ಪ್ರಕಾರ ವಯಸ್ಕರಲ್ಲಿ ಲಕ್ಷಣಗಳು ಕಮ್ಮಿಯಾಗುವುದು ಸುಮಾರು 17 ಗಂಟೆ ಬೇಗ, ಅಷ್ಟೆ. ಆರೋಗ್ಯವಂತ ಯುವಕನಿಗೆ ಮೂರನೇ ದಿನ ಈ ಮಾತ್ರೆ ಕೊಡಬೇಕಾ ಅಂದರೆ ಬೇಡ ಅಂತಲೇ ನಾನು ಹೇಳುತ್ತೇನೆ. ನಮ್ಮ ಕೇಂದ್ರ ಆರೋಗ್ಯ ಇಲಾಖೆಯ ಎ, ಬಿ, ಸಿ ವಿಂಗಡಣೆಯಲ್ಲಿ ಸೌಮ್ಯ ಲಕ್ಷಣದ ‘ಎ’ ಗುಂಪಿಗೆ ಈ ಔಷಧ ಬೇಡ ಅಂತಲೇ ಇದೆ.

ನಮ್ಮ ರೋಗಿ ‘ಸಿ’ ಗುಂಪು. ಉಸಿರಾಟದ ತೊಂದರೆ ಇದ್ದವರನ್ನು ಕೂಡಲೇ ದಾಖಲಿಸಿ ಚಿಕಿತ್ಸೆ ಶುರು ಮಾಡಬೇಕಾದ ಗುಂಪು ಅದು. ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದವರ ಶ್ವಾಸಕೋಶದಲ್ಲಿ ವೈರಸ್ ಜಾಸ್ತಿ ದಿನ ಉಳಿಯುತ್ತದೆ. ಐದನೇ ದಿನವೂ ತಡೆಯಲು ಏನೋ ಒಂದಿಷ್ಟು ಉಳಿದಿರುತ್ತದೆ.

ಪುರಾವೆ ಎಷ್ಟು ಗಟ್ಟಿ? ಇದನ್ನು ಪ್ರಾಮಾಣಿಕವಾಗಿ ಹೇಳಬೇಕು. 2009ರ ಎಚ್1ಎನ್1 (ಹಂದಿ ಜ್ವರ) ಸಾಂಕ್ರಾಮಿಕದ ಸಮಯದಲ್ಲಿ 38 ದೇಶಗಳಲ್ಲಿ ಆಸ್ಪತ್ರೆ ಸೇರಿದ 29,234 ರೋಗಿಗಳ ಮಾಹಿತಿ ಒಟ್ಟುಗೂಡಿಸಿ 2014ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಎರಡು ದಿನದೊಳಗೆ ಔಷಧ ಪಡೆದವರಲ್ಲಿ ಸಾವಿನ ಸಾಧ್ಯತೆ, ತಡವಾಗಿ ಪಡೆದವರಿಗೆ ಹೋಲಿಸಿದರೆ ಸುಮಾರು ಅರ್ಧದಷ್ಟಿತ್ತು. ತಡವಾಗಿ ಕೊಟ್ಟದ್ದರ ಲಾಭ ಎಲ್ಲ ರೋಗಿಗಳನ್ನೂ ಸೇರಿಸಿ ನೋಡಿದಾಗ ಸ್ಪಷ್ಟವಾಗಿ ಕಾಣಲಿಲ್ಲ. ಐಸಿಯು ಸೇರಿದ ವಯಸ್ಕರಲ್ಲಿ ಮಾತ್ರ ತಡವಾದ ಔಷಧವೂ ಸಾವು ಕಡಿಮೆ ಇರುವುದರ ಜೊತೆ ತಳಕು ಹಾಕಿಕೊಂಡಿತ್ತು. ಇದು ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗ ಅಲ್ಲ, ನಡೆದದ್ದನ್ನು ಹಿಂದಿರುಗಿ ನೋಡಿದ ಅಧ್ಯಯನ. ವಿಶ್ವ ಆರೋಗ್ಯ ಸಂಸ್ಥೆಯೂ 2024ರ ಮಾರ್ಗಸೂಚಿಯಲ್ಲಿ ತೀವ್ರ ಫ್ಲೂಗೆ ಒಸೆಲ್ಟಾಮಿವಿರ್ ಸೂಚಿಸುವಾಗ, ಪುರಾವೆಯ ಖಚಿತತೆ ತೀರಾ ಕಡಿಮೆ ಅಂತ ಒಪ್ಪಿಕೊಂಡೇ ಷರತ್ತಿನ ಸಲಹೆ ಕೊಟ್ಟಿದೆ.

ಹಾಗಾದರೆ ಯಾಕೆ ಕೊಡಬೇಕು? ತಕ್ಕಡಿಯ ಆ ಕಡೆ ಏನಿದೆ ನೋಡಿ. ಔಷಧದ ಮುಖ್ಯ ತೊಂದರೆ ವಾಕರಿಕೆ, ವಾಂತಿ. ಈ ಕಡೆ ಸಾಯುವಷ್ಟು ಕಾಯಿಲೆಯ ಮನುಷ್ಯ ಇದ್ದಾನೆ. ಅಂಥವನಿಗೆ ಕಾದು ಕೂರುವುದರಲ್ಲಿ ಅರ್ಥ ಇಲ್ಲ.

ಇನ್ನು ರ‍್ಯಾಪಿಡ್ ಟೆಸ್ಟ್. ಮೂಗಿನ ಆಂಟಿಜೆನ್ ಟೆಸ್ಟ್ ಫ್ಲೂ ಇರುವ ಎಷ್ಟೋ ಜನರನ್ನು ತಪ್ಪಿಸಿಬಿಡುತ್ತದೆ. ಪಾಸಿಟಿವ್ ಬಂದರೆ ನಂಬಬಹುದು. ನೆಗೆಟಿವ್ ಬಂದರೆ ಆಸ್ಪತ್ರೆ ಸೇರಿದ ರೋಗಿಯಲ್ಲಿ ಅದನ್ನು ಆಧಾರವಾಗಿ ಇಟ್ಟುಕೊಳ್ಳಬಾರದು.

ಹೀಗಾಗಿ ಉತ್ತರ ಚಿಕ್ಕದಾಗಿತ್ತು: ಪಿಸಿಆರ್‌ಗೆ ಸ್ವಾಬ್ ಕಳಿಸಿ, ಮಾತ್ರೆ ಈಗಲೇ ಕೊಡಿ.

ಆ ರಾತ್ರಿ

ಮಾತ್ರೆ ಎಲ್ಲಿದೆ ಅನ್ನುವುದು ಮುಂದಿನ ಪ್ರಶ್ನೆಯಾಯಿತು. ಸ್ಟೋರ್‌ನಲ್ಲಿ ಸ್ಟಾಕ್ ಇತ್ತು, ಆದರೆ ಬೀಗ ಹಾಕಿತ್ತು. ಹೊರಗಿನ ಮೆಡಿಕಲ್ ಶಾಪ್‌ಗಳಲ್ಲಿ ಇರಲಿಲ್ಲ. 2017ರವರೆಗೆ ಒಸೆಲ್ಟಾಮಿವಿರ್ ಷೆಡ್ಯೂಲ್ ಎಕ್ಸ್ ಪಟ್ಟಿಯಲ್ಲಿತ್ತು. ವಿಶೇಷ ಲೈಸೆನ್ಸ್ ಇದ್ದ ಕೆಲವೇ ಅಂಗಡಿಗಳು ಮಾರುತ್ತಿದ್ದವು. ಆಮೇಲೆ ಅದನ್ನು ಷೆಡ್ಯೂಲ್ ಎಚ್1ಗೆ ತಂದರು. ನಿಯಮ ಸಡಿಲವಾದರೂ ಸಣ್ಣ ಊರುಗಳ ಅಂಗಡಿಯವರಿಗೆ ಅದನ್ನು ಇಡುವ ಅಭ್ಯಾಸ ಬೆಳೆದಿಲ್ಲ. ಕೊನೆಗೆ ಫಾರ್ಮಸಿಸ್ಟ್ ಮನೆಯಿಂದ ಬಂದು ಬೀಗ ತೆಗೆದರು.

ಸಿಕ್ಕಿದ್ದು 75 ಮಿ.ಗ್ರಾಂ ಕ್ಯಾಪ್ಸೂಲ್ ಮಾತ್ರ. ಒಸೆಲ್ಟಾಮಿವಿರ್ ಕಿಡ್ನಿ ಮೂಲಕ ಹೊರಹೋಗುವ ಔಷಧ. ಈ ರೋಗಿಯ ಕ್ರಿಯಾಟಿನಿನ್ ಕ್ಲಿಯರೆನ್ಸ್, ಅಂದರೆ ಕಿಡ್ನಿ ಎಷ್ಟು ಶುದ್ಧಿ ಮಾಡುತ್ತಿದೆ ಅನ್ನುವ ಅಂದಾಜು, ಲೆಕ್ಕ ಹಾಕಿದಾಗ ಸುಮಾರು 35 ಬಂತು. 30ರಿಂದ 60ರ ಒಳಗಿದ್ದರೆ 75 ಮಿ.ಗ್ರಾಂ ಬದಲು 30 ಮಿ.ಗ್ರಾಂ ದಿನಕ್ಕೆ ಎರಡು ಸಲ ಕೊಡಬೇಕು. 10ರಿಂದ 30 ಇದ್ದರೆ ದಿನಕ್ಕೆ ಒಂದೇ ಸಲ. ಸರಿಯಾದ ಡೋಸ್ ಬರಲಿ ಅಂತ ಬೆಳಗಿನವರೆಗೆ ಕಾಯುವ ಬದಲು ಮೊದಲ ಡೋಸ್ 75 ಕೊಟ್ಟೆವು. ಒಂದು ಡೋಸ್‌ನಿಂದ ದೊಡ್ಡ ತೊಂದರೆ ಇಲ್ಲ. ಮರುದಿನದಿಂದ 30ರ ಕ್ಯಾಪ್ಸೂಲ್ ತರಿಸಿದೆವು. ಕಿಡ್ನಿ ಏರುಪೇರಾಗುತ್ತಿರುವಾಗ ಈ ಲೆಕ್ಕ ಅಂದಾಜು ಮಾತ್ರ. ದಿನಾ ಕ್ರಿಯಾಟಿನಿನ್ ನೋಡಿ ಮತ್ತೆ ಲೆಕ್ಕ ಹಾಕಬೇಕು.

ಇಲಿ ಜ್ವರವನ್ನು ಬಿಟ್ಟುಕೊಡಲಿಲ್ಲ. ಅದಕ್ಕೂ ಆಗುವ ಆಂಟಿಬಯಾಟಿಕ್‌ಗಳಾದ ಸೆಫ್ಟ್ರಿಯಾಕ್ಸೋನ್, ಡಾಕ್ಸಿಸೈಕ್ಲಿನ್ ಎರಡೂ ಶುರುವಾದವು. ಇನ್ಸುಲಿನ್ ಹಾಕಿದೆವು. ರೋಗಿಯನ್ನು ಬೇರೆ ಕೋಣೆಗೆ ಹಾಕಿ, ಒಳಗೆ ಹೋಗುವವರೆಲ್ಲ ಮಾಸ್ಕ್ ಹಾಕುವಂತೆ ನೋಡಿಕೊಂಡೆವು.

ಮೂರನೇ ತೊಡಕು: ಪಿಸಿಆರ್ ಕೂಡ ನೆಗೆಟಿವ್

ಆಸ್ಪತ್ರೆ ಸೇರಿದ ಎರಡನೇ ದಿನ ಹೈ ಫ್ಲೋ ಆಕ್ಸಿಜನ್ (ಜೋರಾಗಿ ಹರಿಸುವ ಆಕ್ಸಿಜನ್) ಬೇಕಾಯಿತು. ಆ ಸಂಜೆ ಮೂಗು, ಗಂಟಲಿನ ಸ್ವಾಬ್‌ನ ಪಿಸಿಆರ್ ವರದಿ ಬಂತು: ಕೋವಿಡ್ ಇಲ್ಲ, ಇನ್‌ಫ್ಲುಯೆಂಜಾ ಇಲ್ಲ. ಕೇಸ್ ಶೀಟ್‌ನಲ್ಲಿ ಒಸೆಲ್ಟಾಮಿವಿರ್ ಪಕ್ಕ ‘ನಿಲ್ಲಿಸಿ’ ಅಂತ ಬರೆದಾಗಿತ್ತು.

ರಾತ್ರಿ ರೌಂಡ್ಸ್‌ನಲ್ಲಿ ಇದರ ಬಗ್ಗೆ ಜೋರು ಚರ್ಚೆ ನಡೆಯಿತು. ನಿಲ್ಲಿಸಬೇಕು ಅಂದವರ ವಾದವೂ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಪಿಸಿಆರ್ ಒಳ್ಳೆಯ ಟೆಸ್ಟ್. ಬೇಡದ ಔಷಧವನ್ನು ಸುಮ್ಮನೆ ಮುಂದುವರಿಸುವುದು ಕೆಟ್ಟ ಅಭ್ಯಾಸ. ಆದರೆ ಸ್ಯಾಂಪಲ್ ಎಲ್ಲಿಂದ ಬಂತು ಅನ್ನುವುದನ್ನೂ ಕೇಳಬೇಕಲ್ವಾ? ಕಾಯಿಲೆ ಐದಾರು ದಿನ ಹಳೆಯದಾಗಿ, ಶ್ವಾಸಕೋಶಕ್ಕೆ ಇಳಿದ ಮೇಲೆ ಮೂಗಿನಲ್ಲಿ ವೈರಸ್ ಕಡಿಮೆಯಾಗಿರಬಹುದು. ಕೆಳಗೆ ಇನ್ನೂ ಇರಬಹುದು. ಇಲಿ ಜ್ವರ, ಡೆಂಗಿ ಪರೀಕ್ಷೆಗಳೂ ನೆಗೆಟಿವ್ ಬಂದಿದ್ದವು. ರೋಗಿಯ ಸ್ಥಿತಿ ಕೆಡುತ್ತಿತ್ತು. ಬೇರೆ ವಿವರಣೆ ನಮ್ಮ ಕೈಯಲ್ಲಿ ಇರಲಿಲ್ಲ.

ಒಂದು ನಿಯಮಕ್ಕೆ ಬಂದೆವು. ಶ್ವಾಸಕೋಶದ ಸ್ಯಾಂಪಲ್ ನೆಗೆಟಿವ್ ಬರುವವರೆಗೆ, ಅಥವಾ ಬೇರೆ ಕಾಯಿಲೆ ಖಚಿತ ಆಗುವವರೆಗೆ ಔಷಧ ನಿಲ್ಲಿಸುವುದಿಲ್ಲ. ‘ನಿಲ್ಲಿಸಿ’ ಅನ್ನುವುದನ್ನು ಹೊಡೆದುಹಾಕಿ ಕಾರಣ ಬರೆದೆವು. ಒಂದು ಡೋಸ್ ಕೂಡ ತಪ್ಪಲಿಲ್ಲ.

ಮೂರನೇ ದಿನ ಬೆಳಗಿನ ಜಾವ ವೆಂಟಿಲೇಟರ್‌ಗೆ ಹಾಕಬೇಕಾಯಿತು. ಶ್ವಾಸನಾಳದ ಕೊಳವೆಯಿಂದ ಕಫ ಎಳೆದು ಪಿಸಿಆರ್‌ಗೆ ಕಳಿಸಿದೆವು. ಮರುದಿನ ವರದಿ: ಇನ್‌ಫ್ಲುಯೆಂಜಾ ಎ, ಎಚ್1ಎನ್1 ಪಾಸಿಟಿವ್.

ಹೆಚ್ಚು ಮಾಡುವ ಆಸೆ

ರೋಗಿ ವೆಂಟಿಲೇಟರ್ ಮೇಲಿದ್ದಾಗ ಎಲ್ಲರಿಗೂ ಇನ್ನೇನಾದರೂ ಮಾಡಬೇಕು ಅನಿಸುತ್ತದೆ. ಮನೆಯವರಿಗೂ, ವೈದ್ಯರಿಗೂ. ಮೂರು ಸಲಹೆಗಳು ಬಂದವು.

ಮೊದಲನೆಯದು, ಮೂಗಿನ ಕೊಳವೆಯಲ್ಲಿ ಕೊಟ್ಟ ಔಷಧ ಹಿಡಿಯುತ್ತದಾ, ಇಂಜೆಕ್ಷನ್‌ಗೆ ಬದಲಿಸೋಣವಾ ಅಂತ. ಕ್ಯಾಪ್ಸೂಲ್ ಬಿಡಿಸಿ, ಪುಡಿಯನ್ನು ನೀರಲ್ಲಿ ಕಲಸಿ ಕೊಳವೆಯಲ್ಲಿ ಕೊಟ್ಟರೂ ತೀವ್ರ ರೋಗಿಗಳ ರಕ್ತದಲ್ಲಿ ಸಾಕಷ್ಟು ಔಷಧ ಸೇರುತ್ತದೆ. ಹೊಟ್ಟೆ ಕೆಲಸ ಮಾಡುತ್ತಿತ್ತು, ಕೊಟ್ಟ ಆಹಾರ ಹಿಂದೆ ಬರುತ್ತಿರಲಿಲ್ಲ. ಅದನ್ನೇ ಮುಂದುವರಿಸಿದೆವು.

ಎರಡನೆಯದು ಡೋಸ್ ದುಪ್ಪಟ್ಟು ಮಾಡುವುದು. ಇಂಡೋನೇಷ್ಯಾ, ಸಿಂಗಪುರ, ಥಾಯ್ಲೆಂಡ್, ವಿಯೆಟ್ನಾಂನಲ್ಲಿ ತೀವ್ರ ಫ್ಲೂ ಇದ್ದ 326 ರೋಗಿಗಳಲ್ಲಿ ಇದನ್ನು ನೇರವಾಗಿ ಪರೀಕ್ಷಿಸಿದ್ದರು. 2013ರಲ್ಲಿ ಫಲಿತಾಂಶ ಬಂತು. ದುಪ್ಪಟ್ಟು ಡೋಸ್‌ನಿಂದ ಯಾವ ಲಾಭವೂ ಇರಲಿಲ್ಲ. ಅದನ್ನು ಕೈಬಿಟ್ಟೆವು.

ಮೂರನೆಯದೇ ಕಷ್ಟದ್ದು: ಸ್ಟೀರಾಯ್ಡ್. ರೋಗಿಯ ಮಗ ಕೇಳಿದ ಮಾತು ಇನ್ನೂ ನೆನಪಿದೆ. ‘ಕೋವಿಡ್ ಟೈಮಲ್ಲಿ ನಮ್ಮ ದೊಡ್ಡಪ್ಪ ಸ್ಟೀರಾಯ್ಡ್ ಕೊಟ್ಟಿದ್ದಕ್ಕೇ ಉಳ್ಕೊಂಡ್ರು ಸಾರ್. ಅಪ್ಪಂಗೆ ಯಾಕೆ ಕೊಡ್ತಿಲ್ಲ?’ ಅವನ ಪ್ರಶ್ನೆ ನ್ಯಾಯವಾದದ್ದು. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗ ಡೆಕ್ಸಾಮೆಥಸೋನ್ ಆಕ್ಸಿಜನ್ ಬೇಕಿರುವ ಕೋವಿಡ್ ರೋಗಿಗಳ ಜೀವ ಉಳಿಸುತ್ತದೆ ಅಂತ ತೋರಿಸಿತು. ಆಮೇಲೆ ಎರಡೂ ಶ್ವಾಸಕೋಶ ಬಿಳಿಯಾದ ಎಕ್ಸ್‌ರೇ ನೋಡಿದ ತಕ್ಷಣ ಕೈ ಸ್ಟೀರಾಯ್ಡ್ ಕಡೆ ಹೋಗುವುದು ವೈದ್ಯರಲ್ಲೂ ರೂಢಿಯಾಯಿತು. ಆದರೆ ಫ್ಲೂ ಬೇರೆ ಕಾಯಿಲೆ. ಈವರೆಗಿನ ಅಧ್ಯಯನಗಳಲ್ಲಿ ಸ್ಟೀರಾಯ್ಡ್ ಪಡೆದ ಫ್ಲೂ ರೋಗಿಗಳಲ್ಲಿ ಸಾವು ಜಾಸ್ತಿ ಕಂಡಿದೆ. ಕಾಯಿಲೆ ಜಾಸ್ತಿ ಇದ್ದವರಿಗೇ ಸ್ಟೀರಾಯ್ಡ್ ಕೊಟ್ಟಿದ್ದೂ ಅದಕ್ಕೆ ಕಾರಣ ಇರಬಹುದು. ಆದರೂ ಬೇರೆ ಕಾರಣ ಇಲ್ಲದೆ ಕೊಡಬಾರದು ಅಂತಲೇ ಮಾರ್ಗಸೂಚಿಗಳ ಸಲಹೆ. ನಮ್ಮ ರೋಗಿಗೆ ಆಸ್ತಮಾ ಇರಲಿಲ್ಲ, ಸೆಪ್ಟಿಕ್ ಶಾಕ್ (ಸೋಂಕಿನಿಂದ ಬಿಪಿ ತೀರಾ ಕುಸಿಯುವುದು) ಇರಲಿಲ್ಲ. ಮೇಲೆ ಸಕ್ಕರೆ ಹತೋಟಿಗೆ ಬಂದಿರಲಿಲ್ಲ. ಕೊಡಲಿಲ್ಲ. ಮಗನನ್ನು ಕೂರಿಸಿಕೊಂಡು ಇದನ್ನೆಲ್ಲ ಹೇಳಿದೆವು. ಪೂರ್ತಿ ಒಪ್ಪಿದ ಅಂತ ಹೇಳಲಾರೆ, ಆದರೆ ಕೇಳಿಸಿಕೊಂಡ.

ಮನೆಯಲ್ಲಿದ್ದ ಇನ್ನೊಬ್ಬ ರೋಗಿ

ಅದೇ ಮಾತುಕತೆಯ ಕೊನೆಗೆ ಮಗ ಇನ್ನೊಂದು ವಿಷಯ ಹೇಳಿದ. ಹೆಂಡತಿಗೆ ಅವತ್ತು ಬೆಳಿಗ್ಗೆಯಿಂದ ಜ್ವರ, ಕೆಮ್ಮು. ಗರ್ಭಿಣಿ ಅಂತ ಮಾತ್ರೆ ಏನೂ ತಗೊಂಡಿಲ್ಲ, ಕಷಾಯ ಕುಡೀತಿದ್ದಾಳೆ.

ಗರ್ಭಿಣಿಯರಿಗೆ ಫ್ಲೂ ತೀವ್ರವಾಗುವ ಅಪಾಯ ಜಾಸ್ತಿ. 2009ರಲ್ಲಿ ಅದನ್ನು ಜಗತ್ತೇ ನೋಡಿತು. ಅವರನ್ನು ಅಂದೇ ಕರೆಸಿದೆವು. ಆಕ್ಸಿಜನ್ ಮಟ್ಟ ಸರಿಯಿತ್ತು. ‘ಮಗೂಗೆ ಏನೂ ಆಗಲ್ವಾ?’ ಅಂತ ಅವರ ಅತ್ತೆ ಎರಡು ಮೂರು ಸಲ ಕೇಳಿದರು. ಒಸೆಲ್ಟಾಮಿವಿರ್ ಅನ್ನು ಗರ್ಭಿಣಿಯರಿಗೆ ಬಹಳ ವರ್ಷಗಳಿಂದ ಕೊಡುತ್ತಿದ್ದಾರೆ. ಮಗುವಿಗೆ ಹಾನಿಯಾದ ಸೂಚನೆ ಕಂಡಿಲ್ಲ. ಔಷಧಕ್ಕಿಂತ ಚಿಕಿತ್ಸೆ ಇಲ್ಲದ ಫ್ಲೂ ತಾಯಿಗೂ ಮಗುವಿಗೂ ದೊಡ್ಡ ಅಪಾಯ. ಇದನ್ನೇ ಬಿಡಿಸಿ ಹೇಳಿದೆವು. 75 ಮಿ.ಗ್ರಾಂ ದಿನಕ್ಕೆ ಎರಡು ಸಲ, ಐದು ದಿನ. ಪಿಸಿಆರ್ ಪಾಸಿಟಿವ್ ಬಂತು. ಆದರೆ ವರದಿ ಕೈಗೆ ಬರುವಷ್ಟರಲ್ಲಿ ಮೂರು ಡೋಸ್ ಆಗಿತ್ತು, ಜ್ವರ ಇಳಿದಿತ್ತು. ಆಸ್ಪತ್ರೆಗೆ ಸೇರುವ ಅಗತ್ಯವೇ ಬರಲಿಲ್ಲ. ಅವರಿಗೆ ಚಿಕಿತ್ಸೆ ಸಿಕ್ಕಿದ್ದು ಮೊದಲ ದಿನ, ಮಾವನವರಿಗೆ ಐದನೇ ದಿನ. ಇಬ್ಬರ ವಯಸ್ಸು, ಆರೋಗ್ಯ ಬೇರೆ. ನೇರ ಹೋಲಿಕೆ ಮಾಡುವುದು ಸರಿಯಲ್ಲ. ಆದರೂ ದಾಖಲಾದ ರೋಗಿಯ ಮನೆಯವರ ಬಗ್ಗೆ ವಿಚಾರಿಸುವುದು ಚಿಕಿತ್ಸೆಯದೇ ಭಾಗ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಮತ್ತೆ ಏರಿದ ಜ್ವರ

ಆರನೇ ದಿನದ ಹೊತ್ತಿಗೆ ವೆಂಟಿಲೇಟರ್‌ನ ಆಕ್ಸಿಜನ್ ಇಳಿಸಲು ಶುರು ಮಾಡಿದ್ದೆವು. ಅಂದೇ ಜ್ವರ ಮತ್ತೆ 102ಕ್ಕೆ ಏರಿತು. ಕಫ ದಪ್ಪಗಾಯಿತು, ಹಳದಿಯಾಯಿತು. ಬಿಳಿ ರಕ್ತಕಣ 17,000 ದಾಟಿತು. ಔಷಧ ಸೋತಿತಾ, ವೈರಸ್ ನಿರೋಧ ಬೆಳೆಸಿಕೊಂಡಿತಾ ಅಂತ ಯೋಚನೆ ಬಂದದ್ದು ಸಹಜ. ಆದರೆ ಫ್ಲೂ ಸ್ವಲ್ಪ ಸುಧಾರಿಸಿ ಮತ್ತೆ ಕೆಟ್ಟರೆ ಮೊದಲು ಹುಡುಕಬೇಕಾದದ್ದು ಬ್ಯಾಕ್ಟೀರಿಯಾವನ್ನು. ನ್ಯುಮೋಕಾಕಸ್ ಮತ್ತು ಸ್ಟೆಫೈಲೋಕಾಕಸ್ ಇದರಲ್ಲಿ ಹೆಸರುವಾಸಿ. ವೈರಸ್ ಶ್ವಾಸನಾಳದ ಒಳಪದರ ಕಿತ್ತುಹಾಕಿದ ಜಾಗದಲ್ಲಿ ಅವು ಸುಲಭವಾಗಿ ನೆಲೆಯೂರುತ್ತವೆ.

ಕಲ್ಚರ್‌ನಲ್ಲಿ ಸಾಮಾನ್ಯ ಆಂಟಿಬಯಾಟಿಕ್‌ಗಳಿಗೆ ಬಗ್ಗದ ಸ್ಟೆಫೈಲೋಕಾಕಸ್ ಬೆಳೆಯಿತು. ಕಿಡ್ನಿಯನ್ನು ಮನಸ್ಸಿನಲ್ಲಿಟ್ಟುಕೊಂಡು, ಅದಕ್ಕೆ ತೊಂದರೆ ಮಾಡಬಲ್ಲ ವ್ಯಾಂಕೊಮೈಸಿನ್ ಬದಲು ಲಿನೆಜೋಲಿಡ್ ಎಂಬ ಆಂಟಿಬಯಾಟಿಕ್ ಆರಿಸಿದೆವು. ಎರಡು ದಿನದಲ್ಲಿ ಜ್ವರ ಇಳಿಯಿತು.

ಒಸೆಲ್ಟಾಮಿವಿರ್ ಐದು ದಿನಕ್ಕೆ ನಿಲ್ಲಿಸಬೇಕಾ ಅನ್ನುವ ಪ್ರಶ್ನೆಯೂ ಈ ನಡುವೆ ಬಂದಿತ್ತು. ಸಾಮಾನ್ಯ ಕೋರ್ಸ್ ಐದು ದಿನ. ವೆಂಟಿಲೇಟರ್ ಮೇಲಿರುವ, ಇನ್ನೂ ಕಾಯಿಲೆ ಜೋರಾಗಿರುವ ರೋಗಿಗೆ ಅದನ್ನು ಮುಂದುವರಿಸಲು ಅವಕಾಶ ಇದೆ. ಐದನೇ ದಿನದ ಕಫದಲ್ಲೂ ವೈರಸ್ ಇತ್ತು. ಹತ್ತು ದಿನ ಕೊಟ್ಟೆವು.

ಹನ್ನೊಂದನೇ ದಿನ ವೆಂಟಿಲೇಟರ್ ತೆಗೆದೆವು. ಕ್ರಿಯಾಟಿನಿನ್ 1.6ಕ್ಕೆ ಇಳಿಯಿತು, ಡಯಾಲಿಸಿಸ್ ಬೇಕಾಗಲಿಲ್ಲ. ಮೂರು ವಾರ ಕಳೆದು ಮನೆಗೆ ಹೋಗುವಾಗ ಗೋಡೆ ಹಿಡಿದು ನಡೆಯುತ್ತಿದ್ದರು. ತೋಟಕ್ಕೆ ಇಳಿಯಲು ಇನ್ನೂ ಕೆಲವು ತಿಂಗಳು ಬೇಕಾದವು.

ಏನು ಬದಲಾಯಿತು

ಒಸೆಲ್ಟಾಮಿವಿರ್ ಕೊಟ್ಟಿದ್ದಕ್ಕೇ ಇವರು ಬದುಕಿದರು ಅಂತ ಒಬ್ಬ ರೋಗಿಯಿಂದ ಹೇಳಲು ಬರುವುದಿಲ್ಲ. ಆಕ್ಸಿಜನ್, ವೆಂಟಿಲೇಟರ್, ಸರಿಯಾದ ಹೊತ್ತಿಗೆ ಬಂದ ಆಂಟಿಬಯಾಟಿಕ್, ಹಗಲು ರಾತ್ರಿ ಮಗ್ಗುಲು ಬದಲಿಸಿದ ಸಿಸ್ಟರ್‌ಗಳು, ಎಲ್ಲರದ್ದೂ ಪಾಲಿದೆ. ಆದರೆ ಆಂಟಿವೈರಲ್ ಮೂರು ಸಲ ತಪ್ಪಿಹೋಗುವ ಹಂತಕ್ಕೆ ಬಂದಿತ್ತು. ಮೊದಲು 48 ಗಂಟೆಯ ನೆಪದಲ್ಲಿ, ಆಮೇಲೆ ಬೀಗ ಹಾಕಿದ ಸ್ಟೋರ್‌ನಿಂದ, ಕೊನೆಗೆ ಮೂಗಿನ ಸ್ವಾಬ್‌ನ ವರದಿಯಿಂದ. ನಾವು ಮಾಡಿದ ಬದಲಾವಣೆಗಳು ಈ ಮೂರಕ್ಕೇ ಸಂಬಂಧಿಸಿದವು.

ಈಗ ಜೂನ್‌ನಿಂದ ಅಕ್ಟೋಬರ್‌ವರೆಗೆ ಕ್ಯಾಶುವಾಲ್ಟಿಯ ಎಮರ್ಜೆನ್ಸಿ ಕಪಾಟಿನಲ್ಲೇ 30 ಮತ್ತು 75 ಮಿ.ಗ್ರಾಂ ಕ್ಯಾಪ್ಸೂಲ್ ಇರುತ್ತವೆ. ಮಕ್ಕಳಿಗೆ ಸಿರಪ್ ಇರುತ್ತದೆ. ನ್ಯುಮೋನಿಯಾ ಅಂತ ದಾಖಲಾದ ಪ್ರತಿಯೊಬ್ಬರ ಶೀಟ್‌ನಲ್ಲೂ ‘ಮನೆಯಲ್ಲಿ, ಶಾಲೆಯಲ್ಲಿ ಯಾರಿಗಾದರೂ ಜ್ವರ?’ ಅನ್ನುವ ಸಾಲು ಅಚ್ಚಾಗಿದೆ. ಫ್ಲೂ ಅನುಮಾನ ಇದ್ದರೆ ಡ್ಯೂಟಿ ಡಾಕ್ಟರ್ ಯಾರನ್ನೂ ಕೇಳದೆ ಮೊದಲ ಡೋಸ್ ಕೊಡಬಹುದು. ನಿಲ್ಲಿಸಬೇಕಾದರೆ ಮಾತ್ರ ಹಿರಿಯರು ಕಾರಣ ಬರೆದು ಸಹಿ ಹಾಕಬೇಕು. ಸಕ್ಕರೆ ಕಾಯಿಲೆ, ಕಿಡ್ನಿ ಕಾಯಿಲೆಯ ಹೊರರೋಗಿಗಳಿಗೆ ಮಳೆಗಾಲ ಶುರುವಾಗುವ ಮೊದಲೇ ಫ್ಲೂ ಲಸಿಕೆ ಹಾಕಿಸಿಕೊಳ್ಳಲು ಹೇಳುತ್ತಿದ್ದೇವೆ. ಈ ರೋಗಿ ಮರುವರ್ಷ ಹೆಂಡತಿಯನ್ನೂ ಕರೆದುಕೊಂಡು ಬಂದು ಹಾಕಿಸಿಕೊಂಡರು.

ಸ್ಯಾಂಪಲ್ ಸಾಗಿಸುವ ಸಮಸ್ಯೆ ಇನ್ನೂ ಹಾಗೇ ಇದೆ. ಶನಿವಾರ ಸಂಜೆ ತೆಗೆದ ಸ್ವಾಬ್ ಸೋಮವಾರವೇ ಲ್ಯಾಬ್ ತಲುಪುವುದು. ವಾಹನ, ಐಸ್ ಬಾಕ್ಸ್, ಜನ ಮೂರೂ ಬೇಕು ಅಂತ ಬರೆದು ಕೇಳಿದ್ದೇವೆ. ಅದು ಸರಿಹೋಗುವ ತನಕ ವಾರಾಂತ್ಯದ ರೋಗಿಗಳಿಗೆ ವರದಿ ಕೈಗೆ ಬರುವಾಗ ನಾಲ್ಕೈದು ಡೋಸ್ ಮುಗಿದೇ ಇರುತ್ತದೆ. ಹಾಗೇ ಇರಲಿ ಅನ್ನುವುದು ನಮ್ಮ ಈಗಿನ ತೀರ್ಮಾನ.